ಮೂರನೆಯ ಪ್ರತಿ

ಸತ್ತ ಗಂಡನ ಅಂಗಿಯ ಜೇಬಿಗೆ ಕೈಹಾಕಿ ಮನೆಯಾಕೆ ಬೀರುವಿನ ಕೀಲಿ ಹುಡುಕುತ್ತಿದ್ದಳು. ನಡುಮನೆಯ ಗೋಡೆಗೆ ಆತುಕೊಂಡು ಕೂತಿದ್ದ ಹತ್ತಿಪ್ಪತ್ತು ಜನ ಬಾಯಿ ಬಿಟ್ಟು ನೋಡುತ್ತಿದ್ದರು. ನೋಡಿದರೆ ನೋಡಲಿ. ಹೊದಿಸಬೇಕಾದ ಬಿಳಿ ಹೊದಿಕೆ ಇದ್ದದ್ದು ಬೀರುವಿನಲ್ಲಿ, ಬೀರುವಿನ ಕೀಲಿ ಇದ್ದದ್ದು ಅವನ ಜೇಬಿನಲ್ಲಿ, ಅವನೋ ನಡುಮನೆಯ ಬೆಂಚಿನ ಮೇಲೆ ಕಾಲು ಚಾಚಿ ಮಲಗಿ, ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ.

ಅದು ಬರೀ ಜೇಬಲ್ಲ, ಉಗ್ರಾಣ. ಎರಡು ಪೆನ್ನು ಬಂದವು, ಒಂದು ಸ್ಕ್ರೂ ಬಂತು, ತುಂಡು ಸೀಮೆಸುಣ್ಣ, ರಬ್ಬರ್ ಬ್ಯಾಂಡು, ಅಕ್ಷರ ಅಳಿಸಿಹೋದ ಬಸ್ ಟಿಕೇಟು. ಕೈ ಇನ್ನೊಂದು ಗೇಣು ಇಳಿದಿದ್ದರೆ ಅವನು ಒಂದನೇ ತರಗತಿಯಲ್ಲಿ ಕಳೆದುಕೊಂಡ ಬಳಪವೂ ಸಿಗುತ್ತಿತ್ತು ಎಂದರೆ ಸುಳ್ಳೆಂದು ಆಣೆ ಇಡುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಕೀಲಿ ಸಿಕ್ಕಿತು. ಕೀಲಿಯ ಜೊತೆ ನಾಲ್ಕು ಮಡಿಕೆಯ ಒಂದು ಚೀಟಿ.

ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ಆಕೆ. ತುಟಿ ಅಲ್ಲಾಡಿಸದೆ ಓದಲು ಬರದು. "ಮಂಗಳವಾರ. 217. ದೊಡ್ಡ ಚಿತ್ರ" ಎಂದು ತುಟಿ ಓದಿದವು. ಇವತ್ತೇ ಮಂಗಳವಾರ. ನಿನ್ನೆ ಮಧ್ಯಾಹ್ನದಿಂದ ಆಕೆ ರೆಪ್ಪೆಗೆ ರೆಪ್ಪೆ ಹಚ್ಚಿರಲಿಲ್ಲ. ನಡುಮನೆಯೆಲ್ಲ ನೀರಿನಡಿ ಇದ್ದಂತೆ ಕಾಣುತ್ತಿತ್ತು. ಜನರ ಬಾಯಿ ಮೊದಲು ಅಲ್ಲಾಡಿ, ಮಾತು ಆಮೇಲೆ ತೇಲಿ ಬರುತ್ತಿತ್ತು. ಚೀಟಿಯನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ಬೀರು ತೆಗೆಯಲು ಎದ್ದಳು.

ಅವನು ಶಾಲೆಯ ದಾಖಲೆ ಕೋಣೆ ನೋಡಿಕೊಳ್ಳುತ್ತಿದ್ದವನು. ಬೀದಿಯವರ ಬಾಯಲ್ಲಿ ಅವನ ಹೆಸರು ಮೂರ್ಪ್ರತಿ. ಯಾವ ಕಾಗದ ಕೈಗೆ ಸಿಕ್ಕರೂ ಅದಕ್ಕೆ ಮೂರು ಪ್ರತಿ: ಒಂದು ಶಾಲೆಯಲ್ಲಿ, ಒಂದು ಮನೆಯಲ್ಲಿ, ಇನ್ನೊಂದು ದೂರದ ಊರಿನಲ್ಲಿ. ಬೆಂಕಿ ಬಿದ್ದರೂ ನೆರೆ ಬಂದರೂ ಎರಡೂರಿಗೆ ಹೇಳಿಕೊಂಡು ಒಟ್ಟಿಗೆ ಬರುವುದಿಲ್ಲ ಎಂಬುದು ಅವನ ನಂಬಿಕೆ. ಅವನು ಸೀನಿದರೂ ಮೂರು ಸಲ ಎಂದು ಜನ ನಗುತ್ತಿದ್ದರು. ಒಮ್ಮೆ ಎರಡೇ ಸಲ ಸೀನಿ, ಮೂರನೆಯದಕ್ಕಾಗಿ ಮೂಗೆತ್ತಿಕೊಂಡು ಅರ್ಧ ಗಂಟೆ ಕಾದನಂತೆ. ಇದನ್ನು ಕಣ್ಣಾರೆ ಕಂಡೆ ಎನ್ನುವವರು ಇವತ್ತೂ ಇಬ್ಬರು ಬಂದು ಗೋಡೆಗೊರಗಿದ್ದರು.

ನಿನ್ನೆ ಅವನು ಸತ್ತದ್ದು ಬೀದಿ ತುದಿಯ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ, ಮಾತಿನ ಮಧ್ಯೆ. ಜೆರಾಕ್ಸಿನವನು ಮೂವತ್ತು ವರ್ಷದ ಗೆಳೆಯ. ಅವನು ಈಗ ಬೆಳಿಗ್ಗೆಯಿಂದ ಅದನ್ನೇ ಬಂದವರಿಗೆಲ್ಲ ಹೇಳಿ ಹೇಳಿ, ಗಂಟಲು ಕಟ್ಟಿ, ಮೂಲೆಯಲ್ಲಿ ಕೂತಿದ್ದ.

ಹನ್ನೆರಡೂವರೆಗೆ ಬಾಗಿಲಲ್ಲಿ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬಳು ನಿಂತಳು. ನಲವತ್ತರ ಆಸುಪಾಸು. ಬಸ್ ಓಡಿಸುವವಳು, ತೋಳುಗಳೇ ಹೇಳುತ್ತಿದ್ದವು. ಒಳಗೆ ಮಲಗಿದವನನ್ನು ನೋಡಿ ಅವಳ ಮುಖ ಸುಣ್ಣವಾಯಿತು. ತಿರುಗಿ ಹೊರಟೇಬಿಟ್ಟಿದ್ದಳು. ಮನೆಯಾಕೆಯೇ ಹಿಂದೆ ಹೋಗಿ ಜಗಲಿಯಲ್ಲಿ ಕೈ ಹಿಡಿದಳು.

"ಏನು ಬೇಕಿತ್ತಮ್ಮಾ?"

"ಏನಿಲ್ಲಮ್ಮಾ. ಬಾಗಿಲಿಗೆ ಬರೋವರೆಗೂ ಗೊತ್ತಿರಲಿಲ್ಲ. ಬರಬಾರದಿತ್ತು."

"ನಿನ್ನ ನಂಬರು ಇನ್ನೂರ ಹದಿನೇಳಾ?"

ಡ್ರೈವರಮ್ಮ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಆಮೇಲೆ ಒಂದೊಂದಾಗಿ ಹೇಳಿದಳು. ಸಂಜೆ ಶಾಲೆಗೆ ಸೇರಿ ಹತ್ತನೇ ತರಗತಿ ಕಟ್ಟಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಪಾಸಾಗಿ, ಬಸ್ಸಿಗೆ ಸೇರಿ ಹನ್ನೆರಡು ವರ್ಷ. ಈಗ ಯಾರೋ ಹೊಟ್ಟೆಕಿಚ್ಚಿನವರು ಇವಳ ಸರ್ಟಿಫಿಕೇಟು ಖೋಟಾ ಎಂದು ಅರ್ಜಿ ಗುಜರಾಯಿಸಿದ್ದಾರೆ. ಡಿಪೋದವರು ಶಾಲೆಯನ್ನು ಕೇಳಿದರು. ಶಾಲೆಯ ಕಂಪ್ಯೂಟರು ಹಳೇ ರಿಜಿಸ್ಟರಿನ ಚಿತ್ರ ತೆಗೆದು ತೋರಿಸಿತು: ಗಣಿತ ಮೂವತ್ಮೂರು. ಪಾಸಾಗಲು ಬೇಕಾದದ್ದು ಮೂವತ್ತೈದು. ಪುಟದ ಅಂಚಿನಲ್ಲಿದ್ದ ಮೊತ್ತ, ಫಲಿತಾಂಶ ಎರಡನ್ನೂ ಗೆದ್ದಲು ತಿಂದಿತ್ತು. ಇವಳ ಕೈಯಲ್ಲಿರುವ ಸರ್ಟಿಫಿಕೇಟಿನಲ್ಲಿ ಮೂವತ್ತೆಂಟು.

"ಹೋದ ವಾರ ಇವರ ಹತ್ರ ಬಂದಿದ್ದೆ. ಮಂಗಳವಾರ ಬಾ, ದೊಡ್ಡ ಚಿತ್ರ ತೆಗೆದಿಡ್ತೀನಿ ಅಂದಿದ್ರು. ಇವತ್ತು ಸಂಜೆ ಐದರೊಳಗೆ ಡಿಪೋ ಆಫೀಸಲ್ಲಿ ತೋರಿಸದಿದ್ರೆ ನಾಳೆಯಿಂದ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ," ಎಂದು ಡ್ರೈವರಮ್ಮ ತನ್ನ ಅಂಗೈ ನೋಡಿಕೊಂಡಳು. "ಹೋಗ್ಲಿ ಬಿಡಿ. ಇಂಥ ದಿನ ಕೇಳೋ ಮಾತಾ ಇದು."

ಮನೆಯಾಕೆ ಚೀಟಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟಳು. "ಅವರು ಹೇಳಿದ್ದು ಮಂಗಳವಾರ. ಇವತ್ತು ಇನ್ನೂ ಮುಗಿದಿಲ್ಲ."

*

ಭಾನುವಾರದ ಮಧ್ಯಾಹ್ನಗಳು ಅವು. ಅಡುಗೆಮನೆಯ ಮೇಜಿನ ಒಂದು ಕಡೆ ಅವನು, ಕಂಪ್ಯೂಟರಿನ ಮುಂದೆ. ಇನ್ನೊಂದು ಕಡೆ ಆಕೆ, ಗೆದ್ದಲು ಹಿಡಿದ ರಿಜಿಸ್ಟರಿನ ಮುಂದೆ. ಸಂಜೆ ಶಾಲೆಯಲ್ಲಿ ಓದಿದ ಆರುನೂರ ನಲವತ್ತು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಪುಟ. ಪ್ರತಿ ಪುಟದ ಚಿತ್ರ ತೆಗೆದಾಗಿತ್ತು. ಚಿತ್ರ ಕಣ್ಣಿಗೆ, ಆದರೆ ಹುಡುಕುವ ಕೈಗೆ ಬರೀ ಅಕ್ಷರವೂ ಬೇಕು ಎಂದು ಅವನು ಎಲ್ಲವನ್ನೂ ಟೈಪು ಮಾಡಲು ಕೂತಿದ್ದ. ಬಣ್ಣವಿಲ್ಲ, ಬೆಡಗಿಲ್ಲ, ಸಾಲಿನ ಮೇಲೆ ಸಾಲು. ಭಾನುವಾರಕ್ಕೆ ನಾಲ್ಕು ಮಕ್ಕಳು. ಮೂರು ವರ್ಷ ಹಿಡಿಯಿತು.

ಕೆಲಸದ ರೀತಿ ಹೀಗೆ: ಆಕೆ ನಂಬರು ಕೂಗಬೇಕು. ಅವನು ಟೈಪು ಮಾಡಿ "ಹೂಂ" ಅನ್ನಬೇಕು. ಹೂಂ ಬರುವ ತನಕ ಆಕೆ ಮುಂದಿನದಕ್ಕೆ ಹೋಗುವಂತಿಲ್ಲ. ಒಂದು ಸಲ ಹೂಂ ಬರಲೇ ಇಲ್ಲ. ತಲೆಯೆತ್ತಿ ನೋಡಿದರೆ ಅವನು ಕೂತಲ್ಲೇ ನಿದ್ದೆ ಹೋಗಿದ್ದ. ಆಕೆ ಎಬ್ಬಿಸಲಿಲ್ಲ, ಮುಂದಕ್ಕೂ ಹೋಗಲಿಲ್ಲ. ನೂರ ಆರನೆಯ ಹುಡುಗನ ಮೇಲೆ ಬೆರಳಿಟ್ಟುಕೊಂಡು, ಕಿಟಕಿಯ ಬಿಸಿಲು ಪುಟದಿಂದ ಇಳಿದು ನೆಲಕ್ಕೆ ಹೋಗುವ ತನಕ ಕಾದಳು.

ಅವರಿಗೆ ಮಕ್ಕಳಿರಲಿಲ್ಲ. ಇರಲಿಲ್ಲ ಎಂದು ಜನ ಹೇಳುತ್ತಿದ್ದರು, ಅಷ್ಟೇ. ಆ ಮೂರು ವರ್ಷ ಆ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪ್ರತಿ ನಂಬರಿಗೂ ಆಕೆ ಒಂದು ಕತೆ ಕಟ್ಟುತ್ತಿದ್ದಳು. ಅರವತ್ತೆರಡಕ್ಕೆ ಎಲ್ಲದರಲ್ಲೂ ಐವತ್ತು. ಪಾಪ, ಜಗಳ ಆಡದ ಕೂಸು. ನೂರ ಆರನೆಯವನಿಗೆ ವಿಜ್ಞಾನದಲ್ಲಿ ತೊಂಬತ್ತು, ಹಾಜರಿಯಲ್ಲಿ ಸೊನ್ನೆ. ಅವನು ಕಿಟಕಿಯ ಹೊರಗೆ ನಿಂತೇ ಪಾಠ ಕೇಳಿರಬೇಕು. ಅವರೆಲ್ಲ ಪಾತ್ರೆ ಗೂಡಿನ ಮೇಲೆ, ನೀರಿನ ಕೊಳಗದ ಹಿಂದೆ, ಬಾಗಿಲ ಸಂದಿಯಲ್ಲಿ ಕೂತು ತಮ್ಮ ನಂಬರು ಬರಲಿ ಎಂದು ಕಾಯುತ್ತಿದ್ದರು. ಬಂದವರು ಎದ್ದು ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು.

"ಇನ್ನೂರ ಹದಿನೇಳು," ಎಂದಳು ಒಂದು ಭಾನುವಾರ.

"ಹೂಂ."

"ಭಾಷೆ ಐವತ್ತೆರಡು. ಗಣಿತ ಮೂವತ್ತೆಂಟು. ಚಿತ್ರಕಲೆ ತೊಂಬತ್ತೊಂದು." ಮತ್ತೆ ಪುಟವನ್ನು ಮುಖದ ಹತ್ತಿರ ತಂದು ನಕ್ಕಳು. "ಇವಳು ಲೆಕ್ಕ ಮಾಡಿಲ್ಲ ಕಣ್ರೀ, ಲೆಕ್ಕದ ಚಿತ್ರ ಬಿಡಿಸಿ ಬಂದಿದ್ದಾಳೆ. ಈ ಎಂಟು ನೋಡಿ, ಮೇಲೆ ಕೆಳಗೆ ಎರಡು ಕಣ್ಣು. ಅಡ್ಡ ಬಿದ್ದ ಗೂಬೆ."

"ಗೂಬೆನ ಹ್ಯಾಗೆ ಟೈಪು ಮಾಡ್ಲಿ?"

"ಎಂಟು ಅಂತಲೇ ಮಾಡಿ. ಗೂಬೆ ನನ್ನ ಹತ್ರ ಇರ್ಲಿ."

"ಹೂಂ," ಎಂದ.

*

ಒಳಗೆ ಇದ್ದ ಒಂದೇ ಕುರ್ಚಿಯ ಮೇಲೆ ಹೆಡ್‌ಮಾಸ್ಟರು ಕೂತಿದ್ದರು, ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು. ಚೀಲದಲ್ಲಿ ಶಾಲೆಯ ಸೀಲು. ಯಾರಾದರೂ ಕದ್ದು ಒತ್ತಿಯಾರು ಎಂದು ಅವರು ಅದನ್ನು ಬಿಟ್ಟಿದ್ದೇ ಇಲ್ಲ. ಸ್ನಾನಕ್ಕೆ ಹೋದಾಗಲೂ ಬಚ್ಚಲ ಗೂಡಿನಲ್ಲಿ ಸೋಪಿನ ಪಕ್ಕ ಸೀಲು ಇರುತ್ತದೆ ಎಂದು ಮೂರ್ಪ್ರತಿಯೇ ಬೀದಿಗೆಲ್ಲ ಸಾರಿದ್ದ. ಕೆಟ್ಟವರಲ್ಲ. ಆ ಪುಟದಲ್ಲಿ ತಾನು ಓದಿದ್ದು ಮೂವತ್ತೆಂಟೇ ಎಂದು ಮನೆಯಾಕೆ ವಿಷಯ ತೆಗೆದಾಗ ಅವರ ಕಿವಿ ಕೆಂಪಾದವು.

ಅವರಿಗೆ ಗೊತ್ತಿತ್ತು, ಡ್ರೈವರಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಶಾಲೆಯ ಕಂಪ್ಯೂಟರಿನ ಹೊಟ್ಟೆ ತುಂಬಿತ್ತು. ಮೂರ್ಪ್ರತಿ ತೆಗೆದ ಚಿತ್ರ ಒಂದೊಂದೂ ಎಮ್ಮೆಯಷ್ಟು ಭಾರ ಎಂದು ಹೆಡ್‌ಮಾಸ್ಟರು ರೇಗಿ, ಎಲ್ಲವನ್ನೂ ಕುಗ್ಗಿಸಿ, ಇಡೀ ರಿಜಿಸ್ಟರನ್ನು ಒಂದು ಪುಟಾಣಿ ಪಿಡಿಎಫ್ ಮಾಡಿಸಿದರು. ದೊಡ್ಡ ಚಿತ್ರಗಳನ್ನು ಅಳಿಸಿದರು. ಗೆದ್ದಲು ಬಿದ್ದ ರಿಜಿಸ್ಟರನ್ನು ರದ್ದಿಗೆ ಹಾಕಿದರು. ಶಾಲೆಗೆ ಜಾಗವೂ ಆಯಿತು, ಗೆದ್ದಲೂ ಹೋಯಿತು, ಎಲ್ಲರೂ ಸೈ ಎಂದರು.

ಆ ದಿನ ಮೂರ್ಪ್ರತಿ ಮನೆಗೆ ಬಂದು ಊಟಕ್ಕೆ ಕೂತವನು ಬಹಳ ಹೊತ್ತು ಕೈ ತಟ್ಟೆಗೆ ಹಾಕಲಿಲ್ಲವಂತೆ. ಆಮೇಲೆ ಹೆಂಡತಿಗೆ ಹೇಳಿದ್ದ: ಹೀಗೆ ಕುಗ್ಗಿಸುವ ಯಂತ್ರ ಸೋಮಾರಿ ಗುಮಾಸ್ತನ ಹಾಗೆ. ಒಂದೇ ಥರ ಕಾಣುವ ಎರಡು ಗುರುತು ಕಂಡರೆ, ಇದೂ ಅದೇ ಇರಬೇಕು ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಎಂಟರ ಎಡಗಡೆ ಮಸಿ ಸ್ವಲ್ಪ ತೆಳುವಾಗಿದ್ದರೆ ಸಾಕು, ಅದನ್ನು ಮೂರು ಮಾಡಿ ಕೂರಿಸುತ್ತದೆ. ನೋಡಿದವರಿಗೆ ಮಸುಕೂ ಕಾಣದು, ಅನುಮಾನವೂ ಬಾರದು. ಎಲ್ಲಿ ಎಷ್ಟು ಮಕ್ಕಳು ಹೀಗೆ ಮೂರಾಗಿ ಕೂತಿದ್ದಾರೋ.

"ಕುಗ್ಗಿಸದ ಚಿತ್ರ ಇದ್ದರೆ ಕಣ್ಣಿಗೆ ಒತ್ಕೊಂಡು ಸೀಲು ಹಾಕ್ತೀನಿ," ಎಂದರು ಹೆಡ್‌ಮಾಸ್ಟರು ಸಣ್ಣ ದನಿಯಲ್ಲಿ. "ಆದರೆ ನಿಮ್ಮ ನೆನಪಿಗೆ ಸೀಲು ಹಾಕೋಕಾಗಲ್ಲ ಅಮ್ಮಾ."

"ಮನೆ ಪ್ರತಿ ಇದೆಯಲ್ಲ," ಎಂದು ಆಕೆ ಬೀರುವಿನ ಕಡೆ ನಡೆದಳು. ಆಗ ಮೂಲೆಯಿಂದ ಜೆರಾಕ್ಸಿನವನು ಎದ್ದ.

"ಅತ್ತಿಗೇ, ಹುಡುಕಬೇಡಿ. ಅದು ನನ್ನ ಅಂಗಡೀಲಿದೆ. ಸತ್ತಿದೆ."

ನಿನ್ನೆ ನಡೆದದ್ದರಲ್ಲಿ ಅವನು ನುಂಗಿಕೊಂಡಿದ್ದ ಭಾಗ ಅದು. ಡ್ರೈವರಮ್ಮನ ಪುಟ ತೆಗೆಯಬೇಕು ಎಂದು ಮೂರ್ಪ್ರತಿ ಮನೆಯ ಡಿಸ್ಕು ತೆಗೆದುಕೊಂಡು ಅಂಗಡಿಗೆ ಬಂದಿದ್ದ. ಸಿಕ್ಕಿಸಿದರೆ ಡಿಸ್ಕು ಗಡಿಯಾರ ನುಂಗಿದ ಹಲ್ಲಿಯ ಹಾಗೆ ಟಿಕ್ ಟಿಕ್ ಎಂದು ಲೊಚಗುಟ್ಟಿತೇ ಹೊರತು ತೆರೆಯಲಿಲ್ಲ. ಜೆರಾಕ್ಸಿನವನು ಮೂವತ್ತು ವರ್ಷದಿಂದ ಕಾದಿದ್ದ ಅವಕಾಶ ಅದು. ನೋಡಿದೆಯಾ, ನಿನ್ನ ಮೂರು ಪ್ರತಿಯ ಗತಿ ಎಂದು ನಕ್ಕ. ಮೂರ್ಪ್ರತಿಯೂ ನಕ್ಕ. ನಕ್ಕು, ಬೆಂಚಿನ ಮೇಲೆ ಒರಗಿ, "ಒಂದು ಹೋದ್ರೆ ಏನಾಯ್ತೋ, ಇನ್ನೊಂದು ಇರುತ್ತೆ, ಅದಕ್ಕೇ ಅಲ್ವಾ ನಾನು" ಎಂದ. ಅಷ್ಟೇ. ಮುಂದಿನ ಮಾತಿಗೆ ಜೆರಾಕ್ಸಿನವನು ಕಾದದ್ದೇ ಬಂತು.

"ನಾನು ನಗಬಾರದಿತ್ತು ಅತ್ತಿಗೆ," ಎಂದ ಅವನು.

"ಅವರೂ ನಕ್ಕರು ಅಂದ್ಯಲ್ಲ," ಎಂದಳು ಆಕೆ. "ಸಾಕು ಬಿಡು."

ಇನ್ನು ಉಳಿದದ್ದು ಮೂರನೆಯದು. ಅದಿದ್ದದ್ದು ಆರು ಗಂಟೆಯ ಹಾದಿಯ ಊರಿನಲ್ಲಿ, ಅವನ ಅಕ್ಕನ ಮನೆಯಲ್ಲಿ, ಒಂದು ಬಿಸ್ಕತ್ತು ಡಬ್ಬಿಯೊಳಗೆ. ಅಕ್ಕ ಬೆಳಿಗ್ಗೆಯೇ ಬಸ್ಸು ಹತ್ತಿದ್ದರು. ಅವರ ಹತ್ತಿರ ಫೋನಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಡಬ್ಬಿಯನ್ನು ಒಂದಲ್ಲ ಒಂದು ದಿನ ಬಾವಿಗೆ ಎಸೆಯುತ್ತೇನೆ ಎಂದು ಅವರು ಹತ್ತು ವರ್ಷದಿಂದ ಹೇಳುತ್ತಾ ಬಂದಿದ್ದರು. ಹೇಳಿದ್ದನ್ನು ಮಾಡದೆ ಬಿಟ್ಟ ಹೆಂಗಸಲ್ಲ ಅವರು.

*

ಮೂರು ಗಂಟೆಗೆ ಅಕ್ಕ ಬಂದರು. ಎಪ್ಪತ್ತು ದಾಟಿದ ಜೀವ, ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗೆ. ಯಾರನ್ನೂ ಮಾತಾಡಿಸದೆ ನೇರ ತಮ್ಮನ ತಲೆಯ ಹತ್ತಿರ ಹೋಗಿ ಕೂತು, ಕೈಚೀಲದಿಂದ ಬಿಸ್ಕತ್ತು ಡಬ್ಬಿ ತೆಗೆದು ಅವನ ಕಿವಿಯ ಪಕ್ಕ ಟಣ್ ಎಂದು ಇಟ್ಟರು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹಬ್ಬಿತು.

ಡ್ರೈವರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಜೆರಾಕ್ಸಿನವನು ಅಂಗಡಿಯಿಂದ ಲ್ಯಾಪ್‌ಟಾಪು ತರಲು ಆಗಲೇ ಓಡಿದ್ದ. ಮನೆಯಾಕೆ ಡಬ್ಬಿಗೆ ಕೈ ಚಾಚಿದಳು. ಅಕ್ಕ ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಮುಟ್ಟಬೇಡ ಕಣೇ. ಅವನ ಜೀವ ಇದರೊಳಗಿತ್ತು. ಅವನ ಜೊತೆಗೇ ಹೋಗ್ಲಿ."

ಮನೆಯಾಕೆ ಸಮಾಧಾನವಾಗಿ ಎಲ್ಲ ಹೇಳಿದಳು: ಇನ್ನೂರ ಹದಿನೇಳು, ಮೂವತ್ಮೂರು, ಐದು ಗಂಟೆ. ಅಕ್ಕ ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ತಮ್ಮನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸವರುತ್ತಾ ಇದ್ದರು. ಪ್ರತಿ ವರ್ಷ ಬರುತ್ತಿದ್ದ ಎಂದರು. ಬಂದವನು ಅಕ್ಕಾ ಹೇಗಿದ್ದೀಯ ಅನ್ನುವುದಕ್ಕೆ ಮೊದಲು ಡಬ್ಬಿ ಎಲ್ಲಿ ಅನ್ನುತ್ತಿದ್ದ. ಡಬ್ಬಿಯ ಸುತ್ತ ಗಾಳಿಯಾಡುತ್ತಿದೆಯೇ, ಒಲೆಯ ಹತ್ತಿರ ಇಟ್ಟಿಲ್ಲವಲ್ಲ ಎಂದು ನೋಡಿ, ಹಳೇ ಡಿಸ್ಕು ತೆಗೆದು ಹೊಸದು ಇಟ್ಟು, ಮೂರು ಲೋಟ ಕಾಫಿ ಕುಡಿದು ಹೋಗುತ್ತಿದ್ದ.

"ಹದಿನೈದು ವರ್ಷ," ಎಂದರು ಅಕ್ಕ. "ಒಂದು ಸಲಾನೂ ನನ್ನ ನೋಡೋಕೆ ಬರಲಿಲ್ಲ ಅವನು. ಈ ಡಬ್ಬೀನ ನೋಡೋಕೆ ಬರ್ತಿದ್ದ."

ಗೋಡೆಗೊರಗಿದವರು ಕೂಡ ಕಾಲು ಮಡಚಿಕೊಂಡರು. ನೀರಿನಡಿಯಿಂದ ಬಂದಂತೆ ಒಂದು ಯೋಚನೆ ಮನೆಯಾಕೆಯ ತಲೆಗೆ ಬಂತು. ಆಕೆ ನಿಧಾನ ಹೇಳಿದಳು:

"ಅಕ್ಕಾ, ಇವರ ಇನ್ನೊಬ್ಬ ಗೆಳೆಯ ಪಕ್ಕದೂರಲ್ಲೇ ಇದ್ದಾನೆ. ಅರ್ಧ ಗಂಟೆ ದಾರಿ. ಅವನ ಮನೇಲಿ ಇಡಿ ಅಂತ ನಾನೇ ಎಷ್ಟು ಸಲ ಅಂದೆ. ಇಲ್ಲ, ಅಕ್ಕನ ಮನೇಲೇ ಇರ್ಬೇಕು ಅಂದ್ರು. ಆರು ಗಂಟೆ ಹೋಗೋದು, ಆರು ಗಂಟೆ ಬರೋದು. ಒಂದು ಡಬ್ಬಿಗೋಸ್ಕರ ಯಾರಾದ್ರೂ ಅಷ್ಟು ದೂರ ಬರ್ತಾರಾ?"

ಅಕ್ಕ ಡಬ್ಬಿಯನ್ನು ಒಂದು ಬೆರಳಿನಿಂದ ನಾದಿನಿಯ ಕಡೆ ತಳ್ಳಿದರು. ತಳ್ಳಿ, "ಕಳ್ಳ," ಎಂದರು ತಮ್ಮನಿಗೆ.

ಡಬ್ಬಿಯೊಳಗೆ ಹಳೇ ಅಂಗಿಯ ತುಂಡಿನಲ್ಲಿ ಸುತ್ತಿದ ಡಿಸ್ಕು. ಅದರ ಮೇಲೆ ಪೆನ್ಸಿಲಿನಲ್ಲಿ ದಪ್ಪ ದಪ್ಪ ಅಕ್ಷರದ ಕಾಗದ. ಶಾಲೆ ಓದದವರೂ ಓದಲಿ ಎಂದು ಬರೆದ ಅಕ್ಷರ. ಮನೆಯಾಕೆಯ ತುಟಿ ಅಲ್ಲಾಡಿದವು: ಯಾವ ಯಂತ್ರಕ್ಕಾದರೂ ಸಿಕ್ಕಿಸಿ. ನಂಬರಿನ ಮೇಲೆ ಎರಡು ಸಲ ಒತ್ತಿ. ಬೀಗ ಇಲ್ಲ.

ಬೀಗ ಇಲ್ಲ. ಎಷ್ಟು ಸಲ ಕೇಳಿದ್ದಳು ಆ ಮಾತನ್ನು. ಚಂದದ ಪೆಟ್ಟಿಗೆಗಳನ್ನು ಮಾರಲು ಶಾಲೆಗೆ ಎಷ್ಟೋ ಜನ ಬರುತ್ತಿದ್ದರು. ನಮ್ಮ ಪೆಟ್ಟಿಗೆಯಲ್ಲಿಟ್ಟರೆ ದಾಖಲೆ ಹಾಡುತ್ತದೆ, ಕುಣಿಯುತ್ತದೆ ಎನ್ನುತ್ತಿದ್ದರು. ಅವನದು ಒಂದೇ ಪ್ರಶ್ನೆ: ಕೀಲಿ ಮಾಡುವವನು ಅಂಗಡಿ ಮುಚ್ಚಿದರೆ? ಅದಕ್ಕೇ ಅವನು ಹುಡುಕಿ ಹುಡುಕಿ ಆರಿಸಿಕೊಂಡದ್ದು ಟಿಫ್ ಎಂಬ ಆ ಎಮ್ಮೆ ಚಿತ್ರ ಮತ್ತು ಬರೀ ಅಕ್ಷರದ ಫೈಲು. ಎರಡನ್ನೂ ತೆರೆಯಲು ಯಾರ ಅಪ್ಪಣೆಯೂ ಬೇಡ. "ನಾನು ಇಲ್ದಾಗ ನಿನ್ನ ಕೈಲಿ ತೆರೀಬೇಕು. ಅದೇ ಪರೀಕ್ಷೆ," ಎನ್ನುತ್ತಿದ್ದ. ಅದು ಪರೀಕ್ಷೆ ಎಂದು ಆಕೆ ಯಾವತ್ತೂ ನಂಬಿರಲಿಲ್ಲ, ಒಲೆ ಮುಂದೆ ನಿಂತು ಹೂಂ ಎಂದಿದ್ದಳು ಅಷ್ಟೇ.

ಬೆಂಚಿನ ಪಕ್ಕ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟು ಜೆರಾಕ್ಸಿನವನು ಡಿಸ್ಕು ಸಿಕ್ಕಿಸಿದ. "ಅತ್ತಿಗೆ, ನೀವೇ ಒತ್ತಿ," ಎಂದ. ಡಿಸ್ಕು ಸಣ್ಣಗೆ ಗುಂಯ್ ಎಂದಿತು, ನಿದ್ದೆಯಿಂದೆದ್ದ ಮಗು ಮಗ್ಗುಲು ಬದಲಿಸಿದ ಹಾಗೆ. ನಂಬರುಗಳು ಸಾಲಾಗಿ ಬಂದು ನಿಂತವು, ಒಂದರಿಂದ ಆರುನೂರ ನಲವತ್ತರವರೆಗೆ. ಮನೆಯಾಕೆ ಇನ್ನೂರ ಹದಿನೇಳನ್ನು ಹುಡುಕಿ, ಎರಡು ಸಲ ಒತ್ತಿದಳು.

ಮೊದಲು ಅಕ್ಷರದ ಸಾಲು ತೆರೆಯಿತು. ಗಣಿತ 38. ಡ್ರೈವರಮ್ಮನ ಬಾಯಿಂದ ಉಸಿರು ಹೊರಬಿತ್ತು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು, ಇದನ್ನು ಯಾರು ಬೇಕಾದರೂ ಟೈಪು ಮಾಡಬಹುದು, ಡಿಪೋದವರು ಒಪ್ಪುವುದಿಲ್ಲ ಎಂದರು. ಸುಳ್ಳಲ್ಲ ಅದು. ಆಕೆ ಪಕ್ಕದ ಚಿತ್ರದ ಮೇಲೆ ಎರಡು ಸಲ ಒತ್ತಿದಳು.

ಅದು ತಟ್ಟನೆ ಬರಲಿಲ್ಲ. ಭಾರದ ಚಿತ್ರ, ಜೆರಾಕ್ಸಿನವನ ಮುದಿ ಯಂತ್ರ. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯಿತು, ಬೆಳಗಾಗುವಾಗ ಗೋಡೆಯ ಮೇಲೆ ಬಿಸಿಲು ಇಳಿಯುವ ಹಾಗೆ. ಹಳದಿ ಕಾಗದ, ಅದರ ನೂಲು ನೂಲು. ಗುಮಾಸ್ತನ ನೀಲಿ ಮಸಿ, ಹೆಬ್ಬೆರಳಿನ ಗುರುತು. ಗೆದ್ದಲು ಕೊರೆದ ಅಂಚು, ಆ ತೂತಿನಲ್ಲಿ ಕೆಳಗಿನ ಪುಟದ ಒಂದು ಚೂರು. ಸತ್ತವನ ಮುಖದ ಮೇಲೆ ಆ ಹಳದಿ ಬೆಳಕು ಬಿದ್ದಿತ್ತು. ಭಾಷೆ ಬಂತು. ಗಣಿತ ಬಂತು.

ಎಂಟು. ಎಡಗಡೆ ಮಸಿ ತೆಳು, ನಿಜ, ಲೇಖನಿ ಒಣಗಿತ್ತೇನೋ. ಆದರೆ ಗೆರೆ ಇತ್ತು. ಮೇಲೊಂದು ಕಣ್ಣು, ಕೆಳಗೊಂದು ಕಣ್ಣು.

"ಗೂಬೆ," ಎಂದಳು ಮನೆಯಾಕೆ.

ಯಾರಿಗೂ ಅರ್ಥವಾಗಲಿಲ್ಲ. ಆಕೆ ಡ್ರೈವರಮ್ಮನ ಕಡೆ ತಿರುಗಿ, ಗಣಿತದ ಪರೀಕ್ಷೆಯಲ್ಲಿ ಚಿತ್ರ ಬಿಡಿಸಿದ್ದೆಯಾ ಎಂದು ಕೇಳಿದಳು. ಡ್ರೈವರಮ್ಮ ಕಣ್ಣು ಒರೆಸಿಕೊಳ್ಳುತ್ತಲೇ ನಾಚಿದಳು.

"ಅಂಚಲ್ಲಿ ಒಂದು ಬಸ್ಸು ಬಿಡಿಸಿದ್ದೆ ಅಮ್ಮಾ. ನಿಮಗೆ ಯಾರು ಹೇಳಿದ್ದು?"

ಹೆಡ್‌ಮಾಸ್ಟರು ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು. ಪುಟದ ಕೆಳಗೆ ತಮಗಿಂತ ಹಿಂದಿನ ಹೆಡ್‌ಮಾಸ್ಟರ ಸಹಿ, ಅದರ ಬಾಲದ ಮೂರು ಸುತ್ತು ಸಮೇತ. ಎದ್ದರು. ಯಾರನ್ನೂ ಕಳಿಸದೆ ತಾವೇ ಜೆರಾಕ್ಸಿನವನ ಜೊತೆ ಅಂಗಡಿಗೆ ಹೋಗಿ, ಪ್ರಿಂಟು ತೆಗೆಸಿ, ಬಿಸಿ ಆರದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಬೆಂಚಿನ ಅಂಚಿನ ಮೇಲಿಟ್ಟು ಸಹಿ ಹಾಕಿದರು. ಚೀಲದಿಂದ ಸೀಲು ತೆಗೆದು, ಬಾಯಿಂದ ಒಮ್ಮೆ ಊದಿ, ಒತ್ತಿದರು. ಎತ್ತಲು ಮನಸ್ಸಿಲ್ಲದವರ ಹಾಗೆ ಬಹಳ ಹೊತ್ತು ಒತ್ತಿ ಹಿಡಿದರು.

ಆಗ ಹೊರಗೆ ಹೆಣ ಒಯ್ಯುವ ಗಾಡಿ ಬಂದು ನಿಂತಿತು. ನಾಲ್ಕು ಗಂಟೆ. ನಾಲ್ವರು ಎದ್ದು ಅವನನ್ನು ಬೆಂಚಿನಿಂದ ಹಲಗೆಗೆ ಸರಿಸಿ, ಹೆಗಲು ಕೊಟ್ಟು ಎತ್ತಿದರು.

"ತಾಳಿ," ಎಂದಳು ಮನೆಯಾಕೆ.

ಎಲ್ಲರೂ ನಿಂತರು. ಆಕೆ ಬೆರಳು ಮಡಚಿ ಎಣಿಸುತ್ತಿದ್ದಳು. ಶಾಲೆಯದು ಅಳಿಸಿ ಹೋಗಿದೆ. ಮನೆಯದು ಸತ್ತಿದೆ. ಉಳಿದದ್ದು ಇದೊಂದು.

"ಒಂದು ಇದ್ರೆ ಇಲ್ಲ ಅಂತಲೇ ಲೆಕ್ಕ ಅಂತಿದ್ರು ಇವರು. ಹೀಗೆ ಬಿಟ್ಟು ಕಳಿಸಲ್ಲ ನಾನು. ಇನ್ನೊಂದು ಆಗ್ಲಿ. ಆಮೇಲೆ ಹೋಗ್ಲಿ."

ಎಷ್ಟು ಹೊತ್ತು ಎಂದು ಗಾಡಿಯವನು ಕೇಳಿದ. ಇಪ್ಪತ್ತು ನಿಮಿಷ ಎಂದ ಜೆರಾಕ್ಸಿನವನು. ಅಂಗಡಿಯ ಹೊಸ ಡಿಸ್ಕು ಆಗಲೇ ಅವನ ಕೈಯಲ್ಲಿತ್ತು. ಗಾಡಿಯವನು ಆಕೆಯ ಮುಖ ನೋಡಿ ಎಂಜಿನ್ ಆರಿಸಿದ. ಡ್ರೈವರಮ್ಮ ಹಾಳೆಯನ್ನು ಎದೆಗೆ ಅವಚಿಕೊಂಡು ಸತ್ತವನ ಪಾದದ ಹತ್ತಿರ ಒಂದು ಕ್ಷಣ ತಲೆ ತಗ್ಗಿಸಿದಳು. ಹೊರಡು ಹೊರಡು, ಐದಕ್ಕೆ ಬಾಗಿಲು ಹಾಕುತ್ತಾರೆ ಎಂದು ಎಲ್ಲರೂ ಅವಳನ್ನು ದಬ್ಬಿದರು. ಬೀದಿಯ ಆಚೆ ತಿರುವಿನಲ್ಲಿ ನಿಲ್ಲಿಸಿದ್ದ ಖಾಲಿ ಬಸ್ಸಿನ ಕಡೆ ಅವಳು ಓಡಿದಳು.

ಹಳೇ ಡಿಸ್ಕನ್ನು ವಾಪಸು ಡಬ್ಬಿಗೆ ಹಾಕಿ ನಿಮಗೇ ಕೊಡುತ್ತೇನೆ ಎಂದಳು ಮನೆಯಾಕೆ ಅಕ್ಕನಿಗೆ. ಅಕ್ಕ ಮುಖ ತಿರುಗಿಸಿದರು. ಇನ್ನು ಯಾರು ಬಂದು ನೋಡುತ್ತಾರೆ ಅದನ್ನು ಎಂದರು.

"ನಾನು ಬರ್ತೀನಿ. ವರ್ಷ ವರ್ಷ."

"ಬಂದು ಮೊದಲು ಡಬ್ಬಿ ಕೇಳಿದ್ರೆ ನೋಡು ಮತ್ತೆ," ಎಂದರು ಅಕ್ಕ.

ಪರದೆಯ ಮೇಲೆ ಒಂದು ಹಸಿರು ಗೆರೆ ಇರುವೆಯ ಹಾಗೆ ಹೊರಟಿತು. ಅದರ ಕೆಳಗೆ ದಾಟುತ್ತಿರುವ ಮಗುವಿನ ನಂಬರು. ಹಲಗೆ ಹೊತ್ತವರು ಇಳಿಸುವುದನ್ನೇ ಮರೆತು ನಿಂತಿದ್ದರು. ಮೂರ್ಪ್ರತಿ ಅವರ ಹೆಗಲ ಮೇಲೆ, ತುಸು ಎತ್ತರದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕಾಯುತ್ತಿದ್ದ. ಮನೆಯಾಕೆ ಸ್ಟೂಲಿನ ಮುಂದೆ ಕೂತಳು. ಆಕೆಗೇ ತಿಳಿಯದೆ ತುಟಿ ಅಲ್ಲಾಡಿದವು.

"ಒಂದು," ಎಂದಳು.

ಅಭ್ಯಾಸ. ನಿಂತಳು. ಹೂಂ ಬರಲಿಲ್ಲ. ಹಸಿರು ಗೆರೆ ಮುಂದೆ ಹೋಯಿತು, ಆಕೆ ಹೋಗಲಿಲ್ಲ.

"ಹೂಂ," ಎಂದರು ಅಕ್ಕ, ಗಂಟಲು ಸರಿಮಾಡಿಕೊಂಡು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ನಾದಿನಿಯ ಕುತ್ತಿಗೆ ಕೊಂಕಿದ ರೀತಿಯೇ ಕೇಳುವಂತಿತ್ತು.

"ಎರಡು. ಮೂರು. ನಾಲ್ಕು," ಎಂದು ಆಕೆ ಓಡಿ ಗೆರೆಯನ್ನು ಹಿಡಿದಳು. ಈಗ ಜೆರಾಕ್ಸಿನವನೂ ಹೂಂ ಅಂದ. ಹತ್ತಕ್ಕೆ ಹೆಡ್‌ಮಾಸ್ಟರು ಸೇರಿಕೊಂಡರು. ಐವತ್ತರ ಹೊತ್ತಿಗೆ ಗೋಡೆಗೊರಗಿದವರು, ಹಲಗೆ ಹೊತ್ತವರು, ಬಾಗಿಲಲ್ಲಿ ನಿಂತ ಗಾಡಿಯವನು, ಎಲ್ಲರೂ. ಅರವತ್ತೆರಡು, ಜಗಳ ಆಡದ ಕೂಸು, ಹೂಂ. ನೂರ ಆರು, ಕಿಟಕಿಯ ಹೊರಗಿನವನು, ಹೂಂ. ಇಳಿಹೊತ್ತಿನ ಬಿಸಿಲು ಹಲಗೆಯ ಕೆಳಗಿನಿಂದ ಒಳಗೆ ಬಂದು ನೆಲದ ಮೇಲೆ ಕೂತಿತ್ತು. ಆ ಬಿಸಿಲಿನಲ್ಲಿ, ಬಾಗಿಲ ಸಂದಿಯಲ್ಲಿ, ಹೊತ್ತವರ ಕಾಲುಗಳ ನಡುವೆ ಜಾಗವೇ ಇರಲಿಲ್ಲ.

"ಇನ್ನೂರ ಹದಿನೇಳು," ಎಂದಳು.

ಈ ಒಂದಕ್ಕೆ ಯಾರೂ ಹೂಂ ಅನ್ನಲಿಲ್ಲ. ಯಾಕೋ ಎಲ್ಲರೂ ಬೀದಿಯ ಕಡೆ ಕಿವಿ ಕೊಟ್ಟರು. ಆಕೆ ಬೆರಳನ್ನು ನಂಬರಿನ ಮೇಲಿಟ್ಟುಕೊಂಡು ಕಾದಳು. ಬಹಳ ದೂರದಲ್ಲಿ, ಡಿಪೋದ ದಾರಿ ತಿರುಗುವಲ್ಲಿ, ಒಂದು ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು.

"ಇನ್ನೂರ ಹದಿನೆಂಟು," ಎಂದಳು ಮನೆಯಾಕೆ.